ಉಣ್ಣೆಯ ಹೊಕ್ಕುಳಬಳ್ಳಿ

ಹೊರಗೆ ಏಪ್ರಿಲ್ ಬಿಸಿಲು ಸುಡುತ್ತಿದ್ದರೂ ಎಲೆಕ್ಟ್ರಾನಿಕ್ ಸಿಟಿಯ ಕಚೇರಿಯಲ್ಲಿ ಎಸಿಗೆ ಹೆದರಿ ಗೆಳತಿಯೊಬ್ಬಳು ಕುರ್ಚಿಯ ಬೆನ್ನಿಗೆ ಸದಾ ನೇತುಹಾಕಿರುವ ಸ್ವೆಟರಿನ ಕತ್ತುಪಟ್ಟಿಯಲ್ಲಿ ‘ಮೆರಿನೋ ವೂಲ್’ ಎಂಬ ಚೀಟಿ ಕಂಡಿತು. ‘ಅಚ್ಚ ಕನ್ನಡದಲ್ಲಿ ಉಣ್ಣೆ ಅನ್ನಬಾರದಾ?’ ಎಂದೆ. ಎಂದವನೇ ನಾಲಗೆ ಕಚ್ಚಿಕೊಂಡೆ.

ನಮ್ಮಂಥ ಪದಮೋಹಿಗಳಿಗೆ ಗೊತ್ತೇ ಇದೆ, ಉಣ್ಣೆ ತದ್ಭವ: ವರ್ಣ ಬಣ್ಣವಾಗಿ, ಚೂರ್ಣ ಸುಣ್ಣವಾಗಿ ಕೂತ ಹಾಗೆಯೇ ಸಂಸ್ಕೃತದ ಊರ್ಣಾ ಪ್ರಾಕೃತದಲ್ಲಿ ಉಣ್ಣಾ ಆಗಿ, ಮಾಲಾ ಮಾಲೆಯಾದಂತೆ ಕೊನೆಯ ಆಕಾರವನ್ನು ಎಕಾರಕ್ಕಿಳಿಸಿಕೊಂಡು ನಮ್ಮ ಮನೆ ಸೇರಿತು. ಅದರ ಬಳಗವೂ ದೊಡ್ಡದು. ಅಮರಕೋಶದ ಊರ್ಣಾಯು ಎಂದರೆ ಟಗರು. ಊರ್ಣನಾಭ ಎಂದರೆ ಹೊಕ್ಕುಳಲ್ಲೇ ಉಣ್ಣೆ ಇಟ್ಟುಕೊಂಡ ಜೇಡ (ಅಂತರ್ಜಾಲ ನೇಯುವ ಎಲೆಕ್ಟ್ರಾನಿಕ್ ಸಿಟಿಯವರಿಗೆ ಇದಕ್ಕಿಂತ ಒಪ್ಪುವ ಬಿರುದು ನನಗೆ ತೋಚದು). ಲ್ಯಾಟಿನ್ನಿನ ಲಾನಾ, ಇಂಗ್ಲಿಷಿನ ವೂಲ್ ಕೂಡ ಇದೇ ಬೇರಿನ ಚಿಗುರುಗಳು. ರ-ಲಗಳಿಗೆ ಭೇದವಿಲ್ಲವೆಂದ ಹಳೆಯ ವೈಯಾಕರಣರು ಕೇಳಿದ್ದರೆ ನಕ್ಕು ತಲೆಯಾಡಿಸುತ್ತಿದ್ದರು. ಚೀಟಿಯ ಮೇಲಿದ್ದದ್ದು ಉಣ್ಣೆಯ ದೂರದೂರಿನ ತಂಗಿ.

ಆ ತಂಗಿಗಾಗಿ ಕಡಲ ಮೇಲೆ ಜಿದ್ದಾಜಿದ್ದಿಯೇ ನಡೆದಿತ್ತು. 1869ರಲ್ಲಿ ಚಹಾ ಸಾಗಿಸಲೆಂದು ನೀರಿಗಿಳಿದ ‘ಕಟಿ ಸಾರ್ಕ್’ ಎಂಬ ಹಾಯಿಹಡಗು, ಸೂಯೆಜ್ ಕಾಲುವೆ ಹಿಡಿದು ಬರುವ ಉಗಿಹಡಗುಗಳೆದುರು ನಿಲ್ಲಲಾರದೆ, 1883ರಲ್ಲಿ, ಎಂದರೆ ನಮ್ಮ ವೈಟ್‌ಫೀಲ್ಡಿಗೆ ಚಾಮರಾಜೇಂದ್ರ ಒಡೆಯರು ಜಮೀನು ಕೊಟ್ಟ ಮರುವರ್ಷ, ಆಸ್ಟ್ರೇಲಿಯದ ಉಣ್ಣೆಯ ಕಡೆ ತಿರುಗಿತು. 1885ರಲ್ಲಿ ಸಿಡ್ನಿ ಬಿಟ್ಟು ಕೇಪ್ ಹಾರ್ನ್ ಬಳಸಿ 73 ದಿನಗಳಲ್ಲಿ ಇಂಗ್ಲೆಂಡಿನ ಕರಾವಳಿ ಮುಟ್ಟಿತು. ಲಂಡನ್ನಿನ ಹರಾಜಿಗೆ ಮೊದಲು ತಲುಪುವ ಆತುರ. ಅಂಥ ಹಡಗಿಗೆ ಕ್ಲಿಪ್ಪರ್ ಎಂದು ಹೆಸರು. ‘ಕ್ಲಿಪ್’ ಎಂದರೆ ಕತ್ತರಿಸು, ಬಿರುಸಾಗಿ ಓಡು ಎಂಬೆರಡೂ ಅರ್ಥ, ಜೊತೆಗೆ ಒಂದು ಹಂಗಾಮಿನಲ್ಲಿ ಕತ್ತರಿಸಿದ ಉಣ್ಣೆಗೂ ಅದೇ ಮಾತು! ಪೀಣ್ಯದ ಸಲೂನಿನಲ್ಲಿ ನಮ್ಮ ಕಿವಿಯ ಹಿಂದೆ ಗುಂಯ್‌ಗುಡುವ ಕ್ಲಿಪ್ಪರ್ ಕೂಡ ಈ ವಂಶದ್ದೇ.

ಅಚ್ಚಗನ್ನಡದ ಮಾತೇ ಬೇಕೆಂದರೆ ತುಪ್ಪಟ ಇದೆ, ಹಕ್ಕಿಯ ಮೆತ್ತನೆಯ ಗರಿಯಾದ ತುಪ್ಪುಳಿನ ನೆಂಟ. ಅದೇ ತುಪ್ಪಟದೊಳಗೆ ಕುರಿಯನ್ನು ಕಚ್ಚಿಕೊಂಡಿರುವ ಉಣ್ಣಿಯಾದರೋ ‘ಉಣ್’ ಧಾತುವಿನಿಂದ ಹುಟ್ಟಿದ ಅಪ್ಪಟ ದೇಸಿ. ಒಂದೇ ಮೈಮೇಲಿದ್ದರೂ ಉಣ್ಣೆಗೂ ಉಣ್ಣಿಗೂ ಎಳ್ಳಷ್ಟೂ ನಂಟಿಲ್ಲ.

ಗೆಳತಿಗೆ ‘ತುಪ್ಪಟ’ ಎಂದು ತಿದ್ದಿ ಹೇಳಿದೆ. ‘ತುಪ್ಪದ ಥರ ಇದೆಯಲ್ಲೋ’ ಎಂದು ನಕ್ಕು, ಸ್ವೆಟರಿನ ತೋಳಿಗೆ ಕೈ ತೂರಿಸಿಕೊಂಡಳು.