ನ್ಯೂಹ್ಯಾಂಪ್‌ಶೈರಿನ ಮತ

ಅಮೆರಿಕದ ಅಧ್ಯಕ್ಷ ಪದವಿಗೆ ತಮ್ಮ ಪಕ್ಷದ ಹುರಿಯಾಳು ಯಾರಾಗಬೇಕೆಂಬುದನ್ನು ಅಲ್ಲಿನ ಮತದಾರರು ಮೊದಲೇ, ರಾಜ್ಯವಾರು ಚುನಾವಣೆಗಳಲ್ಲಿ ಸೂಚಿಸುತ್ತಾರೆ. 1968ರ ಮಾರ್ಚ್ 12ರಂದು ನ್ಯೂಹ್ಯಾಂಪ್‌ಶೈರಿನಲ್ಲಿ ನಡೆದ ಡೆಮಾಕ್ರಟಿಕ್ ಪಕ್ಷದ ಅಂಥ ಚುನಾವಣೆ ನನಗೆ ಇಂದಿಗೂ ಸೋಜಿಗ. ಅಧಿಕಾರದಲ್ಲಿದ್ದ ಲಿಂಡನ್ ಜಾನ್ಸನ್ನರಿಗೆ ಸ್ವಪಕ್ಷದ ಸೆನೆಟರ್ ಯೂಜೀನ್ ಮೆಕಾರ್ಥಿಯೇ ಇದಿರಾಗಿ ನಿಂತರು. ಇವರು ಹಿಂದೆ ಅಧ್ಯಾಪಕರು, ಕವಿತೆ ಬರೆದವರು, ಮೆಲುಮಾತಿನವರು. ನಮ್ಮಂಥ ಮೇಷ್ಟರುಗಳಿಗೆ ಒಲವು ಹುಟ್ಟುವುದು ಸಹಜವೇ. ವಿಯೆಟ್ನಾಂ ಯುದ್ಧವನ್ನು ಸಂಧಾನದಿಂದ ಮುಗಿಸಬೇಕೆಂಬುದು ಅವರ ವಾದ. ಅವರ ಪರವಾಗಿ ಮನೆಮನೆ ತಿರುಗಿದ ವಿದ್ಯಾರ್ಥಿಗಳು, ಊರವರು ಬೆದರದಿರಲೆಂದು ಗಡ್ಡವನ್ನೇ ತೆಗೆಸಿಕೊಂಡರಂತೆ. ಜಾನ್ಸನ್ನರಿಗೆ ನೂರಕ್ಕೆ 49, ಮೆಕಾರ್ಥಿಯವರಿಗೆ 42 ಮತ ಬಿದ್ದವು. ಸೋತವರೇ ಗೆದ್ದರೆಂದು ಲೋಕ ಬಗೆಯಿತು. ಮಾರ್ಚ್ 31ರಂದು ಜಾನ್ಸನ್ನರು ಕಣದಿಂದ ಹಿಂದೆ ಸರಿದರು.

ಇದು ಶಾಂತಿಯ ಜಯವೆಂದು ಬರೆದವರು ಬಹಳ ಮಂದಿ. ಆದರೆ ಮಿಷಿಗನ್ ವಿಶ್ವವಿದ್ಯಾನಿಲಯದ ವಿದ್ವಾಂಸರು ಮರುವರ್ಷ ಪ್ರಕಟಿಸಿದ ಸಮೀಕ್ಷೆ ಬೇರೆಯೇ ಹೇಳಿತು. ಜಾನ್ಸನ್ನರ ಯುದ್ಧನೀತಿಗೆ ಬೇಸತ್ತು ಮೆಕಾರ್ಥಿಯವರಿಗೆ ಮತವಿತ್ತವರಲ್ಲಿ, ಯುದ್ಧ ನಿಲ್ಲಲೆಂಬವರು ಇಬ್ಬರಿದ್ದರೆ ಇನ್ನೂ ಬಿರುಸಾಗಿ ನಡೆಯಲೆಂಬವರು ಹೆಚ್ಚುಕಡಮೆ ಮೂವರು! ಇದನ್ನು ಅಜ್ಞಾನವೆಂದು ಜರೆಯಲು ನನಗೆ ಮನಸ್ಸಿಲ್ಲ. ಕವಿ ನೆನೆಯದ ಅರ್ಥವನ್ನು ಓದುಗ ಕಾಣುವುದುಂಟಷ್ಟೆ. ದೊರೆಗೆ ತಮ್ಮ ಅಸಮಾಧಾನವನ್ನು ಮುಟ್ಟಿಸಲು ಅಂದು ಅವರ ಕೈಗೆ ಸಿಕ್ಕ ದೂತರು ಮೆಕಾರ್ಥಿ. ನವೆಂಬರಿನಲ್ಲಿ, ವರ್ಣಭೇದದ ಕಟ್ಟಾಳು ಜಾರ್ಜ್ ವಾಲೇಸರಿಗೆ ಮತ ಹಾಕಿದವರಲ್ಲಿ ಇದೇ ಮೆಕಾರ್ಥಿಯವರನ್ನು ಮೆಚ್ಚಿದ್ದವರೂ ಇದ್ದರು.