ಗಿರಿಗದ್ದೆಯ ಊಟದ ಲೆಕ್ಕ: ಚಾರಣದ ದಾರಿಯ ಮನೆಗಳ ಕುರಿತು ಒಂದು ಟಿಪ್ಪಣಿ

ಚಾರಣಿಗರನ್ನು ಇಳಿಸಿಕೊಳ್ಳುವ ಮನೆಗಳ ಬಗ್ಗೆ ಬರೆಯುವವರು ಮೊದಲು ಎಣಿಸುವುದು ಕೋಣೆಗಳನ್ನು. ಸರ್ಕಾರದ ಕಡತದ್ದೂ ಇದೇ ರೂಢಿ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ‘ಇನ್‌ಕ್ರೆಡಿಬಲ್ ಇಂಡಿಯಾ ಬೆಡ್ ಅಂಡ್ ಬ್ರೇಕ್‌ಫಾಸ್ಟ್’ ಯೋಜನೆಯಲ್ಲಿ ಒಂದು ಮನೆಗೆ ಹೆಚ್ಚೆಂದರೆ 6 ಕೋಣೆ, 12 ಹಾಸಿಗೆ. ಕುಮಾರಪರ್ವತದ ದಾರಿಯ ಗಿರಿಗದ್ದೆಯಲ್ಲಿ ‘ಭಟ್ಟರ ಮನೆ’ ಎಂದೇ ಹೆಸರಾದ ಮನೆಯನ್ನು ಈ ಅಳತೆಗೋಲಿಗೆ ಹಿಡಿದರೆ ಲೆಕ್ಕ ತಪ್ಪುತ್ತದೆ. ಅಲ್ಲಿ ಮಲಗಿದವರಿಗಿಂತ ಉಂಡವರು ಯಾವತ್ತೂ ಹೆಚ್ಚು. ಇಂಥ ಮನೆಗಳ ಆದಾಯ, ಶ್ರಮ, ಕಾಡಿನ ಮೇಲೆ ಅವು ಹಾಕುವ ಹೊರೆ ಮೂರನ್ನೂ ಅಡುಗೆಮನೆಯ ಕಡೆಯಿಂದ ನೋಡಬೇಕೆಂಬುದು ನನ್ನ ವಾದ.

ಎತ್ತರದ ವಿಚಾರವನ್ನು ಮೊದಲು ಇತ್ಯರ್ಥ ಮಾಡಿಕೊಳ್ಳೋಣ. ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿ ಕಡೆಯ ಬಯಲಿನವರಿಗೆ ಬೆಟ್ಟವೆಂದರೆ ಮೊದಲು ನೆನಪಾಗುವುದು ನಂದಿ. ಅದರ ಎತ್ತರ 1,478 ಮೀಟರ್. ಕುಮಾರಪರ್ವತ 1,712 ಮೀಟರ್. ಕಾಗದದ ಮೇಲೆ ವ್ಯತ್ಯಾಸ ಹೆಚ್ಚೇನೂ ಕಾಣದು. ಆದರೆ ನಂದಿಯ ಬುಡವೇ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ತುದಿಯವರೆಗೆ ಡಾಂಬರು ರಸ್ತೆಯೂ ಇದೆ. ಕುಮಾರಪರ್ವತದ ಚಾರಣ ಶುರುವಾಗುವ ಕುಕ್ಕೆ ಸುಬ್ರಹ್ಮಣ್ಯ ಇರುವುದು ಘಟ್ಟದ ಕೆಳಗೆ. ಅಲ್ಲಿಂದ ಹೊರಟವನು ಸುಮಾರು ಒಂದೂವರೆ ಸಾವಿರ ಮೀಟರ್‌ನಷ್ಟು ಏರನ್ನು ಕಾಲಿನಲ್ಲೇ ಹತ್ತಬೇಕು. ನೇಪಾಳದಲ್ಲಿ ಎವರೆಸ್ಟ್ ತಪ್ಪಲಿಗೆ ನಡೆಯುವವರು ಒಂದು ದಿನದಲ್ಲಿ ಇಷ್ಟು ಏರುವುದಿಲ್ಲ, ಏರಲೂಬಾರದು. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ಒಂದು ರಾತ್ರಿಗೆ 500 ಮೀಟರ್‌ಗಿಂತ ಹೆಚ್ಚಿಸಬೇಡಿ ಎಂಬುದು ಅಲ್ಲಿ ವೈದ್ಯರು ಕೊಡುವ ಎಚ್ಚರಿಕೆ. 3,440 ಮೀಟರ್ ಎತ್ತರದ ನಾಮ್ಚೆಯಲ್ಲಿ ಎರಡು ರಾತ್ರಿ ತಂಗುವ ವಾಡಿಕೆ ಹುಟ್ಟಿದ್ದು ಇದರಿಂದಲೇ. ಅಲ್ಲಿ ನಡುದಾರಿಯ ಹಾಸಿಗೆ ದೇಹಕ್ಕೆ ಅನಿವಾರ್ಯ. ಕರ್ನಾಟಕದ ಸಹ್ಯಾದ್ರಿಯಲ್ಲಿ 2,000 ಮೀಟರ್ ಮುಟ್ಟುವ ಶಿಖರವೇ ಇಲ್ಲ. ಗಟ್ಟಿ ಕಾಲಿದ್ದರೆ ಬೆಳಗ್ಗೆ ಹತ್ತಿ ಸಂಜೆಗೆ ಇಳಿದುಬಿಡಬಹುದು. ಇಲ್ಲಿ ಹಾಸಿಗೆ ಅನುಕೂಲ ಮಾತ್ರ; ಅನ್ನ ಮತ್ತು ನೀರು ಇಲ್ಲದೆ ನಡೆಯದು.

ಇಷ್ಟು ವ್ಯತ್ಯಾಸವಿದ್ದರೂ ನೇಪಾಳದ ಮನೆಗಳೂ ದುಡಿಯುವುದು ಅಡುಗೆಯಿಂದಲೇ ಎಂಬುದು ಕುತೂಹಲದ ಸಂಗತಿ. ಕಾಳಿಗಂಡಕಿ ಕಣಿವೆಯ ಥಕಾಲಿ ಜನ ಟಿಬೆಟ್ಟಿನ ಉಪ್ಪು, ಕೆಳನಾಡಿನ ಧಾನ್ಯ ಇವೆರಡರ ನಡುವಿನ ವ್ಯಾಪಾರಿಗಳು. ಆ ದಾರಿಯ ‘ಭಟ್ಟಿ’ ಎಂಬ ಊಟದ ಮನೆಗಳಲ್ಲಿ ಉಂಡವರಿಗೆ ಮಲಗಲು ಜಾಗ ಸಿಗುತ್ತಿತ್ತು. ಟಿಬೆಟ್ ಗಡಿಯ ವ್ಯಾಪಾರ ಕುಸಿದಾಗ ಹಲವರು ಭೋಜನಗೃಹಗಳತ್ತ ತಿರುಗಿದರು. 1977ರಲ್ಲಿ ಅನ್ನಪೂರ್ಣಾ ಪ್ರದೇಶ ವಿದೇಶಿ ಚಾರಣಿಗರಿಗೆ ತೆರೆದಾಗ ಹೊಸ ಗಿರಾಕಿ ಹಳೆಯ ಒಲೆಯ ಮುಂದೆಯೇ ಬಂದು ಕೂತ. ಇವತ್ತಿಗೂ ಅಂಥ ಮನೆಗಳಲ್ಲಿ ಕೋಣೆಗೆ ಅತಿ ಕಡಿಮೆ ಬಾಡಿಗೆ. ಆದರೆ ರಾತ್ರಿಯೂಟ, ಬೆಳಗಿನ ತಿಂಡಿ ಅಲ್ಲೇ ಆಗಬೇಕು. ಬೇರೆ ಕಡೆ ಉಂಡು ಬಂದು ಇಲ್ಲಿ ಮಲಗುತ್ತೇನೆಂದರೆ ಯಜಮಾನಿಯ ಮುಖ ಬಿಗಿಯುತ್ತದೆ. ಅವಳ ಕಡೆಯೇ ನ್ಯಾಯವಿದೆ.

ಈಗ ಗಿರಿಗದ್ದೆಗೆ ಬರೋಣ. ಕುಕ್ಕೆಯಿಂದ ಆರು ಕಿಲೋಮೀಟರ್‌ನಷ್ಟು ದಟ್ಟ ಕಾಡಿನ ಏರು ಹತ್ತಿದ ಮೇಲೆ, ಹುಲ್ಲುಗಾವಲು ತೆರೆದುಕೊಳ್ಳುವ ಅಂಚಿನಲ್ಲಿ ಭಟ್ಟರ ಮನೆ ಇದೆ. ಅದರಾಚೆ ಸ್ವಲ್ಪ ದೂರದಲ್ಲಿ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್. ಮುಂದೆ ಕಲ್ಲುಮಂಟಪ, ಶೇಷಪರ್ವತ, ಕೊನೆಗೆ ಶಿಖರ. ಸುತ್ತಲೂ ಪುಷ್ಪಗಿರಿ ವನ್ಯಜೀವಿಧಾಮ. ಅಡಿಕೆ ತೋಟದ ಈ ಕೃಷಿಕ ಮನೆ ಚಾರಣಕ್ಕಾಗಿ ಹುಟ್ಟಿದ್ದಲ್ಲ. ದಾರಿಹೋಕರು ಬಂದರು, ಹಸಿದಿದ್ದರು, ಮನೆಯವರು ಎಲೆ ಹಾಕಿದರು. ಊಟ ಅನ್ನ, ಸಾಂಬಾರು, ಉಪ್ಪಿನಕಾಯಿ, ಮಜ್ಜಿಗೆ. ಎಷ್ಟು ಜನ ಎಂದು ಮೊದಲೇ ಫೋನಿನಲ್ಲಿ ತಿಳಿಸುವುದು ಮರ್ಯಾದೆಯೂ ಹೌದು, ಅಕ್ಕಿಯ ಅಂದಾಜೂ ಹೌದು. ರಾತ್ರಿ ಉಳಿದವರು ಜಗಲಿಯಲ್ಲೋ ಅಂಗಳದಲ್ಲೋ ಚಾಪೆ ಹಾಸಿಕೊಳ್ಳುತ್ತಿದ್ದರು. ಕೋಣೆ ಲೆಕ್ಕ ಹಾಕುವ ಅಧಿಕಾರಿಗೆ ಇದರಲ್ಲಿ ದಾಖಲಿಸಲು ಏನೂ ಸಿಗದು.

ಬೆಲೆಯ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಬೆಟ್ಟದ ಬುಡದ ಸುಬ್ರಹ್ಮಣ್ಯ ದೇವಸ್ಥಾನದಲ್ಲಿ ಭಕ್ತರಿಗೆ ಊಟ ಉಚಿತ, ಅನ್ನದಾನದ ಪದ್ಧತಿ. ಅದೇ ಅನ್ನ-ಸಾರು ಕೆಲವು ಗಂಟೆಗಳ ನಡಿಗೆಯಾಚೆ ಹಣಕ್ಕೆ ಸಿಗುತ್ತದೆ. ‘ಭಟ್ಟರು ಅನ್ನಕ್ಕೂ ದುಡ್ಡು ತಗೋತಾರೆ’ ಎಂದು ಗೊಣಗಿದವರನ್ನು ನಾನು ಕಂಡಿದ್ದೇನೆ. ಅವರು ಮರೆತಿರುವುದು ಹೊರೆಯನ್ನು. ದೇವಸ್ಥಾನದ ಅನ್ನದ ಹಿಂದೆ ಕಾಣಿಕೆ, ಹರಕೆಗಳ ನಿಧಿಯಿದೆ, ಬಾಗಿಲಿಗೆ ಲಾರಿ ಬರುತ್ತದೆ. ಗಿರಿಗದ್ದೆಯ ಅಕ್ಕಿ ಮೂಟೆಯನ್ನು ಯಾರೋ ಒಬ್ಬರು ಚಾರಣಿಗ ಬರಿಗೈಯಲ್ಲಿ ಏದುಸಿರು ಬಿಟ್ಟ ದಾರಿಯಲ್ಲೇ ಹೊತ್ತು ತರಬೇಕು. ಊಟದ ದರದಲ್ಲಿ ಅಕ್ಕಿಯ ಪಾಲಿಗಿಂತ ಹೆಗಲಿನ ಪಾಲು ದೊಡ್ಡದಿದ್ದರೆ ಆಶ್ಚರ್ಯವಿಲ್ಲ.

ರಸ್ತೆ ಬಂದರೆ ಈ ಅರ್ಥವ್ಯವಸ್ಥೆ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಕೊಡಚಾದ್ರಿ ಸಾಕ್ಷಿ. 1,343 ಮೀಟರ್ ಎತ್ತರದ ಆ ಬೆಟ್ಟದಲ್ಲಿ ಮೂಲಮೂಕಾಂಬಿಕೆಯ ಗುಡಿಯವರೆಗೆ ಜೀಪು ಏರುತ್ತದೆ. ಗುಡಿಯ ಪಕ್ಕದಲ್ಲಿ ಅರ್ಚಕರ ಮನೆ, ಲೋಕೋಪಯೋಗಿ ಇಲಾಖೆಯ ಬಂಗಲೆ. ಜೀಪಿನಲ್ಲಿ ಬಂದ ಯಾತ್ರಿಕ ಉಣ್ಣದೆಯೂ ಇಳಿದುಹೋಗಬಲ್ಲ. ಅಲ್ಲಿ ಊಟಕ್ಕೆ ಕೂರುವವನು ಬಹುಮಟ್ಟಿಗೆ ನಡೆದು ಬಂದವನೇ. ಕುದುರೆಮುಖದ (1,892 ಮೀಟರ್) ಬುಡದ ಮುಳ್ಳೋಡಿಯದು ಮೂರನೆಯ ಬಗೆ. ರಾಷ್ಟ್ರೀಯ ಉದ್ಯಾನದೊಳಗೆ ರಾತ್ರಿ ತಂಗುವಂತಿಲ್ಲ, ಸಂಜೆಯೊಳಗೆ ಇಳಿಯಲೇಬೇಕು. ಬೆಂಗಳೂರಿನ ರಾತ್ರಿ ಬಸ್ಸಿನಿಂದ ಇಳಿದವರಿಗೆ ಮುಖ ತೊಳೆಯಲು, ತಿಂಡಿಗೆ, ಬುತ್ತಿಗೆ ಒಂದು ಮನೆ ಬೇಕು. ಜೀಪು, ತಿಂಡಿ, ಬುತ್ತಿ, ರಾತ್ರಿಯ ಕೋಣೆ ಎಲ್ಲ ಸೇರಿ ತಲೆಗಿಷ್ಟು ಎಂಬ ‘ಹೋಮ್‌ಸ್ಟೇ’ ಲೆಕ್ಕ ಬೆಳೆದದ್ದು ಅಲ್ಲಿ. ಸರ್ಕಾರದ ಅಳತೆಗೋಲಿಗೆ ಸರಿಹೊಂದುವುದು ಈ ಒಂದೇ.

2024ರ ಜನವರಿ ಕೊನೆಯ ರಜಾದಿನಗಳಲ್ಲಿ ಕುಮಾರಪರ್ವತದ ದಾರಿಯಲ್ಲಿ ಜನ ಜಾತ್ರೆಯಂತೆ ಸೇರಿದ ಚಿತ್ರಗಳು ಎಲ್ಲೆಡೆ ಹರಿದಾಡಿದವು. ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ಸರ್ಕಾರ ತಾತ್ಕಾಲಿಕವಾಗಿ ನಿಲ್ಲಿಸಿತು; ಅದೇ ವರ್ಷ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಜಾಲತಾಣ ಬಂತು, ಒಂದು ದಾರಿಗೆ ದಿನಕ್ಕೆ 300 ಜನರ ಮಿತಿ ಬಿತ್ತು. ಈ ಮಿತಿಯನ್ನು ನಾನು ಒಪ್ಪುತ್ತೇನೆ. ಅಡುಗೆಮನೆಗೂ ಇದರಿಂದ ಲಾಭವಿರಬೇಕು, ಏಕೆಂದರೆ ಎಷ್ಟು ಅಕ್ಕಿ ಇಡಬೇಕೆಂಬುದು ಹಿಂದಿನ ದಿನವೇ ತಿಳಿಯಬಹುದು. ಆದರೆ ಬುಕಿಂಗ್ ವಿವರ ಅರಣ್ಯ ಇಲಾಖೆಯಲ್ಲಿರುತ್ತದೆ, ಒಲೆ ಭಟ್ಟರ ಮನೆಯಲ್ಲಿದೆ. ಇವೆರಡನ್ನೂ ಜೋಡಿಸುವ ಏರ್ಪಾಡು ಆದೇಶಗಳಲ್ಲಿ ಕಾಣಿಸಬೇಕಿತ್ತು. ಮಳೆಗಾಲದಲ್ಲೂ ಕಾಳ್ಗಿಚ್ಚಿನ ಬೇಸಿಗೆಯಲ್ಲೂ ಮುಚ್ಚುವ ದಾರಿ ಇದು. ಊಟದ ವರಮಾನ ವರ್ಷದ ಕೆಲವೇ ತಿಂಗಳದ್ದು. ಉಳಿದಂತೆ ತೋಟವೇ ಗತಿ.

ಕಾಡಿನ ಮೇಲಿನ ಹೊರೆಯನ್ನು ಅಳೆಯುವಾಗಲೂ ಒಲೆಯಿಂದಲೇ ಆರಂಭಿಸಬೇಕು. ನೇಪಾಳದಲ್ಲಿ 1986ರಲ್ಲಿ ಶುರುವಾದ ಅನ್ನಪೂರ್ಣಾ ಸಂರಕ್ಷಣಾ ಯೋಜನೆ ಮೊದಲು ಕೈ ಹಾಕಿದ ಸಮಸ್ಯೆಗಳಲ್ಲಿ ಸೌದೆ ಒಂದು. ಮೇಲಿನ ದಾರಿಗಳಲ್ಲಿ ಸೌದೆಯ ಬದಲು ಸೀಮೆಎಣ್ಣೆ ಬಳಸುವಂತೆ ಮಾಡಿದರು, ಲಾಡ್ಜ್ ನಡೆಸುವವರದೇ ಸಮಿತಿಗಳು ಅಡುಗೆ ಪಟ್ಟಿಯನ್ನೂ ದರವನ್ನೂ ಗೊತ್ತುಮಾಡಿದವು. ಬಂದವರೆಲ್ಲ ಬೇರೆಬೇರೆ ತಿನಿಸು ಕೇಳಿದರೆ ಒಲೆ ದಿನವಿಡೀ ಉರಿಯುತ್ತದೆ. ಒಂದೇ ಅಡುಗೆಯಾದರೆ ಒಂದೇ ಹೊತ್ತು. ಗಿರಿಗದ್ದೆಯ ಅನ್ನ-ಸಾಂಬಾರು ಯಾವ ಸಮಿತಿಯೂ ಇಲ್ಲದೆ ಈ ಮಿತವ್ಯಯವನ್ನು ಸಾಧಿಸಿದೆ.

ಮುಂದೆ ಈ ವಿಷಯ ಕೈಗೆತ್ತಿಕೊಳ್ಳುವವರು ಕೋಣೆಗಳ ಪಟ್ಟಿ ಬಿಟ್ಟು ಒಂದು ಚಾರಣದ ಋತುವಿನ ದಿನಚರಿ ಬರೆದಿಡಲಿ: ಹೊತ್ತು ತಂದ ಅಕ್ಕಿ ಎಷ್ಟು, ಹೊತ್ತವರಿಗೆ ಕೂಲಿ ಎಷ್ಟು, ಸೌದೆ ಅಥವಾ ಗ್ಯಾಸು ಎಷ್ಟು, ಹತ್ತುವಾಗ ಉಂಡವರೆಷ್ಟು, ಇಳಿಯುವಾಗ ಬರೀ ಮಜ್ಜಿಗೆ ಕುಡಿದು ಹೋದವರೆಷ್ಟು.