ಕಪ್ತಾನನ ತಲೆ: ಆಂಗೆಲೊಪುಲೊಸ್‌ನ ‘ಮೆಗಾಲೆಕ್ಸಾಂದ್ರೊಸ್’ ಕುರಿತು

ಥಿಯೋ ಆಂಗೆಲೊಪುಲೊಸ್ ನಿರ್ದೇಶಿಸಿದ ‘ಮೆಗಾಲೆಕ್ಸಾಂದ್ರೊಸ್’ (1980) ಚಿತ್ರವನ್ನು ಸ್ತಾಲಿನ್ ಮಾದರಿಯ ಸರ್ವಾಧಿಕಾರದ ರೂಪಕವೆಂದು ಓದುವುದು ರೂಢಿ. ಆ ಓದಿಗೆ ಚಿತ್ರದಲ್ಲಿ ಆಧಾರವಿಲ್ಲವೆಂದಲ್ಲ. ಆದರೆ ಅದು ಕಥಾನಾಯಕನನ್ನು ಗ್ರೀಸಿನ ಬೆಟ್ಟದಿಂದ ಎತ್ತಿ ಮಾಸ್ಕೋದಲ್ಲಿ ಕೂರಿಸುತ್ತದೆ. ಅವನು ಮೊದಲು ಗ್ರೀಕ್ ಕಪ್ತಾನ, ಬೆಟ್ಟದ ಬಂದೂಕುಧಾರಿ ತಂಡದ ಮುಖಂಡ. 1821ರ ಸ್ವಾತಂತ್ರ್ಯ ಸಮರದಲ್ಲಿ ಹೋರಾಡಿದ ಇಂಥ ಕಪ್ತಾನರ ಹೆಸರನ್ನೇ 1940ರ ದಶಕದ ನಾಜಿ ವಿರೋಧಿ ಗೆರಿಲ್ಲಾ ಪಡೆ ಎಲಾಸ್ ತನ್ನ ನಾಯಕರಿಗೆ ಇಟ್ಟುಕೊಂಡಿತು. ಅಲ್ಲಿ ಸೇನಾಧಿಕಾರಿ, ರಾಜಕೀಯ ಪ್ರತಿನಿಧಿ ಇಬ್ಬರ ಜೊತೆಗೆ ಕಪ್ತಾನನೂ ಇರುತ್ತಿದ್ದ.

ಕಥೆ 1900ರ ಹೊಸ್ತಿಲಲ್ಲಿ ಆರಂಭವಾಗುತ್ತದೆ. ಸೆರೆಮನೆಯಿಂದ ತಪ್ಪಿಸಿಕೊಂಡ ಅಲೆಕ್ಸಾಂದ್ರೊಸ್, ಹೊಸ ಶತಮಾನದ ಸೂರ್ಯೋದಯ ನೋಡಲು ಸೂನಿಯೊನ್‌ನ ಪೊಸೈಡನ್ ದೇಗುಲಕ್ಕೆ ಬಂದ ಇಂಗ್ಲಿಷ್ ಸಿರಿವಂತರನ್ನು ಅಪಹರಿಸಿ ತನ್ನ ಹಳ್ಳಿಗೆ ಒಯ್ಯುತ್ತಾನೆ. ತನ್ನವರಿಗೆ ಕ್ಷಮಾದಾನ, ರೈತರಿಗೆ ಭೂಮಿ ಎಂಬುದು ಅವನ ಬೇಡಿಕೆ. ಹಳ್ಳಿಯಲ್ಲೋ, ಶಾಲಾ ಮೇಷ್ಟ್ರು ಆಗಲೇ ಖಾಸಗಿ ಆಸ್ತಿಯಿಲ್ಲದ ಸಮುದಾಯವೊಂದನ್ನು ಕಟ್ಟಿದ್ದಾನೆ. ಬಂದೂಕಿನ ಬಲದಿಂದ ಬಂದವನಿಗೂ ಈ ವ್ಯವಸ್ಥೆಗೂ ಹೊಂದುವುದಿಲ್ಲ.

ಈ ಅಪಹರಣದ ಹಿಂದೆ ನಿಜ ಘಟನೆಯೊಂದಿದೆ. 1870ರ ಏಪ್ರಿಲ್‌ನಲ್ಲಿ ಮ್ಯಾರಥಾನ್ ರಣಭೂಮಿ ನೋಡಿ ಮರಳುತ್ತಿದ್ದ ವಿದೇಶಿ ಪ್ರವಾಸಿಗರನ್ನು ಅರ್ವನಿತಾಕಿಸ್ ದರೋಡೆಕೋರರ ತಂಡ ಸೆರೆಹಿಡಿಯಿತು. ತಂಡ ಕೇಳಿದ ಕ್ಷಮಾದಾನಕ್ಕೆ ಗ್ರೀಕ್ ಸರ್ಕಾರ ಒಪ್ಪಲಿಲ್ಲ. ಸೈನಿಕರು ಬೆನ್ನಟ್ಟಿದಾಗ ದಿಲೆಸಿಯ ಬಳಿ ಮೂವರು ಇಂಗ್ಲಿಷರೂ ಒಬ್ಬ ಇಟಾಲಿಯನ್ನನೂ ತಂಡದ ಕೈಯಲ್ಲಿ ಹತರಾದರು. ಬಳಿಕ ದರೋಡೆಕೋರರ ಕಡಿದ ತಲೆಗಳನ್ನು ಅಥೆನ್ಸಿನಲ್ಲಿ ಪ್ರದರ್ಶನಕ್ಕಿಟ್ಟರು. ಮುಕ್ಕಾಲು ಶತಮಾನ ಕಳೆದು, 1945ರ ಜೂನ್‌ನಲ್ಲಿ ಎಲಾಸ್‌ನ ಅತ್ಯಂತ ಪ್ರಸಿದ್ಧ ಕಪ್ತಾನ ಆರಿಸ್ ವೆಲುಹಿಯೊತಿಸ್ ಸತ್ತಾಗ ಅವನ ತಲೆ ತ್ರಿಕಾಲ ಪಟ್ಟಣದ ಚೌಕದಲ್ಲಿ ತೂಗಾಡಿತು. ಕಪ್ತಾನನ ಹೆಸರಿಗಿಂತ ಅವನ ತಲೆಗೇ ಪ್ರಭುತ್ವ ಹೆದರುತ್ತಿತ್ತೋ ಏನೋ.

ಈ ಹಿನ್ನೆಲೆಯಲ್ಲಿ ಚಿತ್ರದ ಕೊನೆಯ ಭಾಗ ಬೇರೆಯೇ ಆಗಿ ಕಾಣುತ್ತದೆ. ಸೇನೆ ಹತ್ತಿರವಾದಂತೆ ಹಳ್ಳಿಗರು ಅಲೆಕ್ಸಾಂದ್ರೊಸ್‌ನನ್ನು ಸುತ್ತುವರಿದು ಮೇಲೆರಗುತ್ತಾರೆ. ಅವರು ಹಿಂದೆ ಸರಿದಾಗ ದೇಹವಿಲ್ಲ, ನೆಲದ ಮೇಲೆ ಅಮೃತಶಿಲೆಯ ತಲೆಯೊಂದು ಮಾತ್ರ. ತಲೆ ಕಡಿದು ತೋರಿಸುವುದು ಅಲ್ಲಿಯವರೆಗೆ ಪ್ರಭುತ್ವದ ಕೆಲಸವಾಗಿತ್ತು. ಇಲ್ಲಿ ಪ್ರಭುತ್ವ ಬರುವಷ್ಟರಲ್ಲಿ ಜನರೇ ಅವನನ್ನು ನುಂಗಿದ್ದಾರೆ, ಉಳಿದದ್ದು ವಸ್ತುಸಂಗ್ರಹಾಲಯಕ್ಕೆ ತಕ್ಕ ಶಿಲ್ಪ. ನಾಯಕನನ್ನು ಪೊರೆದವರೂ ಮುಗಿಸಿದವರೂ ಒಬ್ಬರೇ ಎಂಬುದನ್ನು ನಿರ್ದೇಶಕ ಮಾತಿನಲ್ಲಿ ಹೇಳಿಸುವುದಿಲ್ಲ. ಛಾಯಾಗ್ರಾಹಕ ಯೊರ್ಗೊಸ್ ಅರ್ವನಿತಿಸ್‌ನ ಕ್ಯಾಮೆರಾ ಚಿತ್ರದುದ್ದಕ್ಕೂ ಹಳ್ಳಿಯ ಚೌಕವನ್ನು ಸುತ್ತುತ್ತ ಆ ವರ್ತುಲವನ್ನು ಮೊದಲೇ ಎಳೆದಿಟ್ಟಿರುತ್ತದೆ. ಮೂರೂವರೆ ಗಂಟೆ ಅದು ನಮ್ಮ ತಾಳ್ಮೆಯನ್ನೂ ಸುತ್ತುತ್ತದೆನ್ನಿ. ನಾಯಕನಾಗಿ ಇಟಲಿಯ ಒಮೆರೊ ಅಂತೊನುತ್ತಿಯನ್ನು ಆರಿಸಿ, ಆ ಪಾತ್ರಕ್ಕೆ ಅತಿ ಕಡಿಮೆ ಮಾತು ಕೊಟ್ಟಿರುವುದೂ ಮಾತಿನಲ್ಲಿ ಹೇಳಿಸದ ಈ ವಿಧಾನಕ್ಕೆ ಹೊಂದುತ್ತದೆ. ಅವನ ಮನಸ್ಸೇನೆಂದು ತಿಳಿಯದು, ಸುತ್ತಲ ಜನರ ಚಲನೆಯಲ್ಲೇ ಅವನ ಅಧಿಕಾರ ಕಾಣಬೇಕು.

ಸ್ತಾಲಿನ್ ರೂಪಕಕ್ಕೆ ನಿಜವಾದ ತೊಡಕು ಅಲೆಕ್ಸಾಂದ್ರೊಸ್ ಎಂಬ ಅದೇ ಹೆಸರಿನ ಹುಡುಗ. ಹಳ್ಳಿಯಿಂದ ತಪ್ಪಿಸಿಕೊಂಡ ಅವನು ಸವಾರಿ ಮಾಡುತ್ತ ಸೇರುವುದು 1900ರ ಊರನ್ನಲ್ಲ, ಚಿತ್ರ ತಯಾರಾದ ಕಾಲದ ನಗರವನ್ನು. ಈ ಹುಡುಗನಲ್ಲಿ ಬಂಡಾಯವಿದೆಯೋ ಮುಂದಿನ ಕಪ್ತಾನನಿದ್ದಾನೋ ಎಂಬುದನ್ನು ಚಿತ್ರ ತೀರ್ಮಾನಿಸುವುದಿಲ್ಲ. 1974ರಲ್ಲಷ್ಟೇ ಸೇನಾಡಳಿತದಿಂದ ಬಿಡುಗಡೆಯಾಗಿದ್ದ ಗ್ರೀಸಿನಲ್ಲಿ ಈ ಅನುಮಾನ ಮಾಸ್ಕೋಗಿಂತ ಅಥೆನ್ಸಿಗೇ ಹತ್ತಿರದ್ದು.